ನಿಕಿತಿನನ ಕುದುರೆ, ಔರಾದ್ ಹಾದಿಯ ಕಾರು

ಸುಮಾರು ಐದೂವರೆ ಶತಮಾನಗಳ ಹಿಂದೆ ಬೀದರ್ ಪಟ್ಟಣದಲ್ಲಿ ಒಂದು ಕುದುರೆ ಮಾರಾಟವಾಯಿತು. ಮಾರಿದವನು ರಷ್ಯಾದ ವೋಲ್ಗಾ ನದಿ ತೀರದ ತ್ವೇರ್ ಎಂಬ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ ಪರ್ಷಿಯಾವನ್ನು ದಾಟಿ, ಹೋರ್ಮುಜ್ ಕಡೆಯಿಂದ ಹಡಗು ಹಿಡಿದು ಚೌಲ್ ಬಂದರಿನಲ್ಲಿ ಇಳಿದಾಗ ಅವನ ದೊಡ್ಡ ಬಂಡವಾಳವೆಂದರೆ ಒಂದು ಗಂಡು ಕುದುರೆ. ಅದನ್ನು ಜುನ್ನರ್ ಪಟ್ಟಣದವರೆಗೆ ತರುವಷ್ಟರಲ್ಲಿ ನೂರು ರೂಬಲ್ ಖರ್ಚಾಗಿತ್ತು. ಅಲ್ಲಿನ ಅಧಿಕಾರಿ ಅಸದ್ ಖಾನ್ ಕುದುರೆಯನ್ನು ವಶಪಡಿಸಿಕೊಂಡು, ಧರ್ಮ ಬದಲಿಸಿದರೆ ಮಾತ್ರ ಹಿಂದಿರುಗಿಸುವುದಾಗಿ ಹೇಳಿದ. ಖುರಾಸಾನದ ಹಿರಿಯನೊಬ್ಬ ನಡುವೆ ಬಂದು ಮಾತನಾಡಿದ ಮೇಲೆ ಕುದುರೆ ಮರಳಿ ಕೈಸೇರಿತು. ಕಡೆಗೆ ಅದು ಮಾರಾಟವಾದದ್ದು ಬಹಮನಿಗಳ ರಾಜಧಾನಿಯಾಗಿದ್ದ ಬೀದರ್‌ನಲ್ಲಿ.

ನಿಕಿತಿನ್ ಬರೆದಿಟ್ಟ ‘ಮೂರು ಸಮುದ್ರಗಳಾಚೆಯ ಪಯಣ’ ಎಂಬ ವೃತ್ತಾಂತ ಬಹಮನಿ ಕಾಲದ ಇತಿಹಾಸಕ್ಕೆ ಒಂದು ಮುಖ್ಯ ಆಕರ. ಸುಲ್ತಾನನ ಮೆರವಣಿಗೆ, ಆನೆಗಳು, ಅಮೀರರ ವೈಭವ, ಬಡವರ ಬವಣೆ ಎಲ್ಲವೂ ಅದರಲ್ಲಿ ಬರುತ್ತವೆ. ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದಷ್ಟು ಕುದುರೆಗಳು ಮಾರಾಟಕ್ಕೆ ಬರುತ್ತಿದ್ದವೆಂದೂ ಅವನು ಬರೆದಿದ್ದಾನೆ. ಆದರೆ ತನ್ನ ಕುದುರೆಯ ವಿಷಯ ಬಂದಾಗ ಅವನು ಅಪ್ಪಟ ವ್ಯಾಪಾರಿ. ವರ್ಷ ಕಾಲ ಅದನ್ನು ಸಾಕಿದ್ದು, ಅದಕ್ಕೆ 68 ನಾಣ್ಯಗಳು ಖರ್ಚಾದದ್ದು ಲೆಕ್ಕದ ಪುಸ್ತಕದಲ್ಲಿ ಬರೆದಂತೆ ದಾಖಲಾಗಿದೆ. ಸವಾರಿಯ ನಿಜವಾದ ಬೆಲೆ ಕೊಂಡ ದಿನದ ಬೆಲೆಯಲ್ಲ, ಅದು ದಿನದಿನವೂ ತಿನ್ನುವ ಮೇವಿನ ಬೆಲೆ ಎಂಬುದನ್ನು ಅವನು ಬೀದರ್‌ಗೆ ಬರುವ ಹೊತ್ತಿಗೆ ಕಲಿತಿದ್ದ.

ಇಂದು ಅದೇ ಬೀದರ್‌ನಲ್ಲಿ ಮನೆ ಮಾಡಿಕೊಂಡು ಭಾಲ್ಕಿಗೋ ಔರಾದಿಗೋ ದಿನವೂ ಕೆಲಸಕ್ಕೆ ಹೋಗಿಬರುವ ಶಿಕ್ಷಕರು, ಬ್ಯಾಂಕಿನವರು, ಆಸ್ಪತ್ರೆಯ ಸಿಬ್ಬಂದಿ, ತಾಲ್ಲೂಕು ಕಚೇರಿಯ ನೌಕರರು ಒಂದಲ್ಲ ಒಂದು ದಿನ ಈ ಪ್ರಶ್ನೆಯ ಮುಂದೆ ನಿಲ್ಲುತ್ತಾರೆ. ಹೊಸ ಕಾರಿಗೆ ಹಣ ಸಾಲದು. ತೀರ ಹಳೆಯದನ್ನು ನಂಬಿ ದಿನವೂ ಓಡಾಡಲು ಧೈರ್ಯವಾಗದು. ಎರಡು ಮೂರು ವರ್ಷ ಓಡಿದ, ಒಬ್ಬರ ಕೈಯಲ್ಲೇ ಇದ್ದ ಚಿಕ್ಕ ಕಾರು ಸಿಕ್ಕರೆ ಹೇಗೆ? ಪ್ರಶ್ನೆ ಚಿಕ್ಕದು, ಆದರೆ ಮಧ್ಯಮ ವರ್ಗದ ಮನೆಯೊಂದರ ಹಲವು ವರ್ಷಗಳ ಉಳಿತಾಯ ಅದರ ಮೇಲೆ ನಿಂತಿರುತ್ತದೆ.

ಊರು ಒಂದು, ಉದ್ಯೋಗ ಇನ್ನೊಂದು

ಈ ದಿನನಿತ್ಯದ ಓಡಾಟದ ಹಿಂದೆಯೂ ಇತಿಹಾಸವಿದೆ. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ವಿಕಾರಾಬಾದಿನಿಂದ ಬೀದರ್ ಮಾರ್ಗವಾಗಿ ಪರಳಿಯತ್ತ ಹೋದ ರೈಲು ಭಾಲ್ಕಿಯನ್ನು ಮುಟ್ಟಿತು; ಔರಾದ್ ಪಟ್ಟಣವನ್ನು ಮುಟ್ಟಲಿಲ್ಲ. 1932ರಲ್ಲಿ ನಿಜಾಮ ಸರ್ಕಾರ ತನ್ನ ರೈಲ್ವೆಯ ಅಂಗವಾಗಿಯೇ 27 ಬಸ್ಸು, 166 ನೌಕರರೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. ಸರ್ಕಾರವೇ ಬಸ್ಸು ಓಡಿಸುವ ಪದ್ಧತಿ ದೇಶದಲ್ಲಿ ಮೊದಲು ಬೇರೂರಿದ ಸೀಮೆಗಳಲ್ಲಿ ಇದೂ ಒಂದು. 1956ರ ನವೆಂಬರ್ 1ರಂದು ಭಾಷಾವಾರು ವಿಂಗಡಣೆಯಾದಾಗ ಹಳೆಯ ಬೀದರ್ ಜಿಲ್ಲೆ ಒಡೆಯಿತು. ಉದಗೀರ್ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಕ್ಕೆ ಸೇರಿದವು. ಬೀದರ್, ಭಾಲ್ಕಿ, ಔರಾದ್ ಮೈಸೂರು ರಾಜ್ಯಕ್ಕೆ ಬಂದವು. ಜಿಲ್ಲೆಯ ರಾಜಧಾನಿ ಬೆಂಗಳೂರಾಯಿತು, ಆದರೆ ಆಸ್ಪತ್ರೆ, ಪೇಟೆ, ಗಾಡಿ ವ್ಯಾಪಾರಗಳಿಗೆ ಸುಮಾರು 140 ಕಿ.ಮೀ. ದೂರದ ಹೈದರಾಬಾದೇ ಹತ್ತಿರದ ಮಹಾನಗರವಾಗಿ ಉಳಿಯಿತು.

ಬೀದರ್–ಕಲಬುರಗಿ ನಡುವೆ ನೇರ ರೈಲು ಬರಲು 2017ರ ಅಕ್ಟೋಬರ್ 29ರವರೆಗೆ ಕಾಯಬೇಕಾಯಿತು. ತಾಲ್ಲೂಕು ಕೇಂದ್ರಗಳ ಓಡಾಟಕ್ಕೆ ಮಾತ್ರ ಅಂದಿಗೂ ಇಂದಿಗೂ ಬಸ್ಸೇ ಆಧಾರ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ಟಿನ ಖರ್ಚೂ ಇಲ್ಲ. ಹಣದ ಲೆಕ್ಕವೊಂದನ್ನೇ ನೋಡಿದರೆ ಯಾವ ಕಾರೂ ಬಸ್ಸನ್ನು ಸರಿಗಟ್ಟಲಾರದು. ಕಾರು ಬೇಕೆನಿಸುವುದು ಬೇರೆ ಕಾರಣಗಳಿಗೆ: ಕತ್ತಲಾದ ಮೇಲೆ ಮುಗಿಯುವ ಪಾಳಿ, ಬಸ್ ನಿಲ್ದಾಣದಿಂದ ಇನ್ನೂ ನಾಲ್ಕು ಮೈಲಿ ಒಳಗಿರುವ ಶಾಲೆ, ಮನೆಯಲ್ಲಿರುವ ವೃದ್ಧರು. ಆ ಕಾರಣ ಎಷ್ಟು ಗಟ್ಟಿ ಎಂಬುದನ್ನು ಮೊದಲು ತೂಗಿಕೊಂಡರೆ ಮುಂದಿನ ಲೆಕ್ಕ ಸುಲಭ.

ಹಳೆಯದೇ ತುಟ್ಟಿಯಾಗಿದ್ದ ಕಾಲ

ಇನ್ನೊಬ್ಬರು ಬಳಸಿದ ಕಾರು ಅಗ್ಗ ಎಂಬ ಮಾತು ಇಂದಿನವರಿಗೆ ಸಹಜವೆನಿಸುತ್ತದೆ. ಆದರೆ ನಮ್ಮ ದೇಶದಲ್ಲಿ ಬಹುಕಾಲ ಪರಿಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಸ್ವಾತಂತ್ರ್ಯಾನಂತರ ಆಮದಿಗೆ ಕಡಿವಾಣ ಬಿದ್ದು, ಬಿಡಿಭಾಗ ತಂದು ಜೋಡಿಸುತ್ತಿದ್ದ ವಿದೇಶಿ ಕಂಪನಿಗಳು 1950ರ ದಶಕದ ಮಧ್ಯಭಾಗಕ್ಕೆ ಹೊರನಡೆದವು. ಉಳಿದದ್ದು ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದುಸ್ತಾನ್ ಮೋಟಾರ್ಸ್, ಫಿಯೆಟ್ ಮಾದರಿಯ ಪ್ರೀಮಿಯರ್, ಮದರಾಸಿನ ಸ್ಟ್ಯಾಂಡರ್ಡ್ ಎಂಬ ಮೂರು ಹೆಸರುಗಳು. ಎಷ್ಟು ಕಾರು ತಯಾರಿಸಬೇಕೆಂಬುದಕ್ಕೆ ಲೈಸೆನ್ಸು. ಕಾರು ಯಾರಿಗೆ, ಹೇಗೆ ಸಿಗಬೇಕೆಂಬುದಕ್ಕೆ 1959ರ ವಿತರಣೆ ಮತ್ತು ಮಾರಾಟ ನಿಯಂತ್ರಣ ಆದೇಶ. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು.

ಹೀಗೆ ಕಾಯುವುದಕ್ಕೂ ಒಂದು ಬೆಲೆ ಹುಟ್ಟಿಕೊಂಡಿತು. ಸರದಿ ಬಂದು ಕಾರು ಪಡೆದವನು ಅದನ್ನು ಕೆಲವು ಸಾವಿರ ಕಿಲೋಮೀಟರ್ ಓಡಿಸಿ ಮಾರಿದರೆ ಕೊಟ್ಟ ಹಣಕ್ಕಿಂತ ಹೆಚ್ಚೇ ಸಿಗುತ್ತಿತ್ತು. ಎರಡನೆಯವನು ಕೊಳ್ಳುತ್ತಿದ್ದದ್ದು ಕಾರನ್ನು ಮಾತ್ರವಲ್ಲ, ಮೊದಲನೆಯವನು ಕಾದ ವರ್ಷಗಳನ್ನು ಕೂಡ. 1983ರ ಡಿಸೆಂಬರ್ 14ರಂದು ಮಾರುತಿ 800 ಬಂದಾಗಲೂ ಕಥೆ ತಕ್ಷಣ ಬದಲಾಗಲಿಲ್ಲ. ಬೆಲೆ ಐವತ್ತು ಸಾವಿರದ ಆಸುಪಾಸು. ಆದರೆ ಕಾರು ಹೊರಬರುವ ಮುನ್ನವೇ ಲಕ್ಷಕ್ಕೂ ಹೆಚ್ಚು ಜನ ಮುಂಗಡ ಕಟ್ಟಿದ್ದರು. ಸರದಿಯ ಚೀಟಿಯೇ ಸರಕಾಯಿತು.

ಈ ಲೆಕ್ಕ ತಿರುವುಮುರುವಾದದ್ದು 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸಿನ ಅಗತ್ಯ ತೆಗೆದುಹಾಕಿದ ನಂತರ. 1998ರಲ್ಲಿ ಸ್ಯಾಂಟ್ರೊ, ಮಟೀಜ್, ಇಂಡಿಕಾ ಒಂದರ ಹಿಂದೊಂದು ಬಂದವು. 2000ದಲ್ಲಿ ಆಲ್ಟೊ ಬಂತು. ಬ್ಯಾಂಕುಗಳು ಕರೆದು ಸಾಲ ಕೊಡತೊಡಗಿದವು. ಕಾಯುವಿಕೆ ಮುಗಿದೊಡನೆ ಹೊಸತನಕ್ಕೆ ಬೆಲೆ ಬಂತು. ಷೋರೂಮಿನ ಬಾಗಿಲು ದಾಟಿದ ಕಾರು ಆ ಕ್ಷಣದಿಂದಲೇ ಅಗ್ಗವಾಗತೊಡಗಿತು. 2001ರಲ್ಲಿ ಮಾರುತಿ ಕಂಪನಿ ತಾನೇ ಬಳಸಿದ ಕಾರುಗಳ ಮಾರಾಟಕ್ಕೆ ಟ್ರೂ ವ್ಯಾಲ್ಯೂ ಮಳಿಗೆಗಳನ್ನು ತೆರೆದದ್ದು ಈ ಬದಲಾವಣೆಯ ಒಂದು ಗುರುತು.

2009ರಲ್ಲಿ ಒಂದು ಲಕ್ಷ ರೂಪಾಯಿಯ ಕಾರು ಎಂದು ಹೆಸರಾಗಿ ನ್ಯಾನೊ ಬಂದಾಗ, ಇನ್ನು ಹಳೆಯ ಕಾರನ್ನು ಕೇಳುವವರಿರುವುದಿಲ್ಲ ಎಂಬ ಮಾತಿತ್ತು. ಆದದ್ದು ಬೇರೆ. ಅಗ್ಗದ ಕಾರು ಎಂಬ ಹಣೆಪಟ್ಟಿಯೇ ಅದಕ್ಕೆ ಮುಳುವಾಯಿತೆಂದು ಮುಂದೆ ರತನ್ ಟಾಟಾ ಅವರೇ ಹೇಳಿದರು. ಜನ ಬಯಸಿದ್ದು ತೀರ ಅಗ್ಗದ ಹೊಸ ಕಾರನ್ನಲ್ಲ, ಭರವಸೆಯಿಂದ ಓಡಿಸಬಹುದಾದ ಕಾರನ್ನು. ಅದು ಇನ್ನೊಬ್ಬರ ಕೈಯಿಂದ ಬಂದರೂ ಅವರಿಗೆ ಅಡ್ಡಿಯಿರಲಿಲ್ಲ.

ಮೊದಲನೆಯವನ ನಷ್ಟ, ಎರಡನೆಯವನ ಲಾಭ

ಕಾರಿನ ಬೆಲೆ ಹೇಗೆ ಇಳಿಯುತ್ತದೆಂದು ತಿಳಿಯಲು ವಿಮೆಯವರ ಕೋಷ್ಟಕ ಒಳ್ಳೆಯ ಅಳತೆಗೋಲು. ವಾಹನದ ವಿಮಾ ಮೌಲ್ಯ ಕಟ್ಟುವಾಗ ಮೊದಲ ಆರು ತಿಂಗಳಿಗೆ ನೂರಕ್ಕೆ 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರು ವರ್ಷದವರೆಗೆ 30, ನಾಲ್ಕು ವರ್ಷದವರೆಗೆ 40, ಐದು ವರ್ಷದವರೆಗೆ 50 ಎಂದು ಕಳೆಯುತ್ತಾರೆ. ಪೇಟೆಯ ಧಾರಣೆ ಇದಕ್ಕಿಂತ ಹೆಚ್ಚೋ ಕಡಿಮೆಯೋ ಇರಬಹುದು, ಆದರೂ ಚೌಕಾಸಿಗೆ ಕೂರುವ ಮುನ್ನ ಈ ಅಂಕಿಗಳು ನೆನಪಿನಲ್ಲಿರಬೇಕು. ಈ ಪ್ರಕಾರ ಐದು ಲಕ್ಷದ ಕಾರು ಮೂರು ವರ್ಷ ತುಂಬುವ ಹೊತ್ತಿಗೆ ಮೂರೂವರೆ ಲಕ್ಷಕ್ಕೆ ನಿಲ್ಲುತ್ತದೆ. ಉಳಿದ ಒಂದೂವರೆ ಲಕ್ಷ ಮೊದಲ ಮಾಲೀಕ ಹೊಸತನಕ್ಕೆ ತೆತ್ತ ಬೆಲೆ.

ಇಲ್ಲಿ ಇತ್ತೀಚಿನ ಒಂದು ಬದಲಾವಣೆಯನ್ನು ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರಿನೊಳಗಿನ, 1200 ಸಿ.ಸಿ. ಮೀರದ ಪೆಟ್ರೋಲ್ ಕಾರುಗಳ ಮೇಲಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಜೊತೆಗಿದ್ದ ಮೇಲ್ತೆರಿಗೆಯೂ ಹೋಯಿತು. ಅದಕ್ಕೂ ಮೊದಲು ಕೊಂಡವನು ಹಳೆಯ ತೆರಿಗೆ ಸೇರಿದ ಬೆಲೆಯನ್ನು ಹಿಡಿದು ವ್ಯಾಪಾರ ಮಾಡಲು ನೋಡುತ್ತಾನೆ. ಕೊಳ್ಳುವವನು ಲೆಕ್ಕ ಹಾಕಬೇಕಾದದ್ದು ಅದೇ ಕಾರು ಇಂದು ಹೊಸತಾಗಿ ಎಷ್ಟಕ್ಕೆ ಸಿಗುತ್ತದೆ ಎಂಬುದರ ಮೇಲೆ. ಹಳೆಯ ಕಾರಿನ ಸಾಲಕ್ಕೆ ಬಡ್ಡಿ ಸಾಮಾನ್ಯವಾಗಿ ಹೊಸದಕ್ಕಿಂತ ಹೆಚ್ಚು. ವರ್ಷವೂ ತುಂಬದ ಕಾರನ್ನು ಪೂರ್ತಿ ಸಾಲ ಮಾಡಿ ಕೊಂಡರೆ, ಬೆಲೆಯಲ್ಲಿ ಉಳಿದದ್ದು ಬಡ್ಡಿಯಲ್ಲಿ ಹೋಗುವುದೂ ಉಂಟು. ಎರಡರಿಂದ ಮೂರು ವರ್ಷದ ಕಾರು, ಅರ್ಧಕ್ಕೂ ಹೆಚ್ಚು ಹಣ ಕೈಯಿಂದ ಎಂಬ ಹೊಂದಾಣಿಕೆಯೇ ಲೇಸು.

ಮೇವಿನ ಲೆಕ್ಕ

“ಆವರೇಜ್ ಎಷ್ಟು ಕೊಡ್ತದರೀ?” ಬೀದರ್ ಸೀಮೆಯಲ್ಲಿ ಗಾಡಿ ನೋಡಲು ಹೋದವರ ಬಾಯಿಂದ ಮೊದಲು ಬರುವ ಮಾತು ಇದೇ. ಈ ಹಾದಿಯವರಿಗೆ ಆ ಪ್ರಶ್ನೆ ಬರಿಯ ಮಾತಲ್ಲ. ಬೀದರ್‌ನಿಂದ ಭಾಲ್ಕಿಗೂ ಔರಾದಿಗೂ ಸುಮಾರು ನಲವತ್ತರಿಂದ ನಲವತ್ತೈದು ಕಿ.ಮೀ. ಹೋಗಿಬರಲು 85 ಕಿ.ಮೀ. ಎಂದು ಹಿಡಿದರೆ, ತಿಂಗಳಿಗೆ 25 ದಿನದಂತೆ ಹನ್ನೊಂದು ತಿಂಗಳಿಗೆ 23 ಸಾವಿರ ಕಿ.ಮೀ. ದಾಟುತ್ತದೆ. ಲೀಟರಿಗೆ 20 ಕಿ.ಮೀ. ಕೊಡುವ ಕಾರು ವರ್ಷಕ್ಕೆ ಸುಮಾರು 1,170 ಲೀಟರ್ ಪೆಟ್ರೋಲು ಕುಡಿಯುತ್ತದೆ. ಲೀಟರಿಗೆ ನೂರು ರೂಪಾಯಿ ಹಿಡಿದರೂ ವರ್ಷಕ್ಕೆ 1 ಲಕ್ಷ 17 ಸಾವಿರ. ಮೂರು ವರ್ಷಕ್ಕೆ ಮೂರೂವರೆ ಲಕ್ಷ. ಅಂದರೆ ಕಾರಿಗೆ ಕೊಟ್ಟಷ್ಟೇ ಹಣ!

ಅದೇ ಕಾರು ಲೀಟರಿಗೆ 16 ಕಿ.ಮೀ. ಮಾತ್ರ ಕೊಟ್ಟರೆ ವರ್ಷಕ್ಕೆ ಸುಮಾರು 29 ಸಾವಿರ ಹೆಚ್ಚುವರಿ. ಹದಿನೈದು ಸಾವಿರ ಅಗ್ಗಕ್ಕೆ ಸಿಕ್ಕಿತೆಂದು ಸಂತೋಷಪಟ್ಟು ತಂದ ಗಾಡಿ ಆರೇ ತಿಂಗಳಲ್ಲಿ ಆ ಸಂತೋಷವನ್ನು ಕಿತ್ತುಕೊಳ್ಳುತ್ತದೆ. ನಿಕಿತಿನ್ ತನ್ನ ಕುದುರೆಯ ಮೇವಿನ ಖರ್ಚನ್ನು ಪ್ರತ್ಯೇಕವಾಗಿ ಬರೆದಿಟ್ಟದ್ದರ ಅರ್ಥ ಇಲ್ಲಿ ಚೆನ್ನಾಗಿ ತಿಳಿಯುತ್ತದೆ.

ಒಂದು ಕಾಲಕ್ಕೆ ಇದಕ್ಕೆ ಉತ್ತರ ಡೀಸೆಲ್ ಆಗಿತ್ತು. 2020ರ ಏಪ್ರಿಲ್‌ನಲ್ಲಿ ಬಿ.ಎಸ್. 6 ಹೊಗೆ ನಿಯಮ ಬಂದ ಮೇಲೆ ಮಾರುತಿ ಡೀಸೆಲನ್ನೇ ಕೈಬಿಟ್ಟಿತು. ಅಗ್ಗದ ಚಿಕ್ಕ ಡೀಸೆಲ್ ಕಾರಿನ ಯುಗ ಮುಗಿಯಿತು. ಈಗ ಪೆಟ್ರೋಲಿನಲ್ಲೂ ಬದಲಾವಣೆಯಾಗಿದೆ. 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಐದನೆಯ ಒಂದು ಭಾಗ ಎಥನಾಲ್. ಬೀದರ್ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಕಬ್ಬೂ ಈ ಎಥನಾಲಿಗೆ ಒಂದು ಮೂಲ. 2023ರ ಏಪ್ರಿಲ್ ನಂತರ ತಯಾರಾದ ಕಾರುಗಳ ಕೊಳವೆ, ರಬ್ಬರು ಭಾಗಗಳು ಈ ಮಿಶ್ರಣವನ್ನು ತಾಳುವಂತೆ ರೂಪುಗೊಂಡಿವೆ.

ಕತ್ತಲ ಹಾದಿ, ಕಬ್ಬಿನ ಟ್ರಾಲಿ

ಹಣದ ಜೊತೆಗೆ ಜೀವದ ಲೆಕ್ಕವೂ ಇದೆ. ಕಬ್ಬು ಅರೆಯುವ ಹಂಗಾಮಿನಲ್ಲಿ ಭಾಲ್ಕಿ, ಔರಾದ್ ಕಡೆಯ ರಸ್ತೆಗಳಲ್ಲಿ ಸಂಜೆಯಾದ ಮೇಲೆ ಓಡಾಡಿದವರಿಗೆ, ಹಿಂದೆ ದೀಪವಿಲ್ಲದೆ ಸಾಗುವ ಟ್ರಾಲಿಯೊಂದು ಹಠಾತ್ತನೆ ಎದುರಾಗುವ ಭಯ ಗೊತ್ತು. ಥಟ್ಟನೆ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ. ಮುಂದಿನ ಎರಡೂ ಆಸನಗಳಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2022ರ ಜನವರಿಯಿಂದ. ಹತ್ತು ವರ್ಷದ ಹಳೆಯ ಚಿಕ್ಕ ಕಾರು ಎಷ್ಟೇ ಚೆನ್ನಾಗಿ ಓಡುತ್ತಿರಲಿ, ಈ ಎರಡೂ ಅದರಲ್ಲಿ ಇಲ್ಲದಿರುವ ಸಂಭವವೇ ಹೆಚ್ಚು. ತೀರ ಹಳೆಯದನ್ನು ಬಿಟ್ಟು ಇತ್ತೀಚಿನದನ್ನೇ ಹುಡುಕಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ಕಾರಣವಿಲ್ಲ. 2023ರ ಏಪ್ರಿಲ್ ನಂತರದ್ದಾದರೆ ಎ.ಬಿ.ಎಸ್., ಏರ್‌ಬ್ಯಾಗ್, ಪೆಟ್ರೋಲು ಮೂರರ ಚಿಂತೆಯೂ ಒಟ್ಟಿಗೆ ಕಳೆಯುತ್ತದೆ.

ಆದರೂ ಎಲ್ಲ ಕಾರುಗಳ ಮೈ ಒಂದೇ ಸಮ ಗಟ್ಟಿಯಲ್ಲ. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದರಲ್ಲಿ ಟಾಟಾ ಟಿಯಾಗೊ 2020ರಲ್ಲಿ ನಾಲ್ಕು ನಕ್ಷತ್ರ ಪಡೆಯಿತು. 2023ರಲ್ಲಿ ಆಲ್ಟೊ ಕೆ10 ಎರಡು, ವ್ಯಾಗನ್ ಆರ್ ಒಂದು ಪಡೆದವು. ಹಗುರವಾದ ಕಾರು ಪೆಟ್ರೋಲು ಉಳಿಸುತ್ತದೆ, ಗಟ್ಟಿಯಾದ ಕಾರು ಸ್ವಲ್ಪ ಹೆಚ್ಚು ಕುಡಿಯುತ್ತದೆ. ಹಗಲಿನಲ್ಲೇ ಹೋಗಿಬರುವವನಿಗೂ ರಾತ್ರಿ ಪಾಳಿಯ ನರ್ಸಿಗೂ ಇದರ ಉತ್ತರ ಒಂದೇ ಆಗಬೇಕಿಲ್ಲ. ಕೆಟ್ಟರೆ ಬೀದರ್‌ನಲ್ಲೇ ರಿಪೇರಿಯಾಗುತ್ತದೆಯೇ, ಬಿಡಿಭಾಗಕ್ಕೆ ಹೈದರಾಬಾದಿಗೆ ಹೋಗಬೇಕೇ ಎಂಬ ಪ್ರಶ್ನೆ ಮಾತ್ರ ಇಬ್ಬರಿಗೂ ಸಮಾನ.

ಗಡಿ ದಾಟಿ ಬರುವ ಗಾಡಿ

ಬೀದರ್‌ನ ಒಂದು ಚೌಕದಲ್ಲಿ ಅರ್ಧ ಗಂಟೆ ನಿಂತರೆ ಈ ಸೀಮೆಯ ಭೂಗೋಳ ನಂಬರ್ ಪ್ಲೇಟುಗಳಲ್ಲೇ ಕಾಣುತ್ತದೆ. ಬೀದರ್‌ನ ಕೆಎ 38, ಭಾಲ್ಕಿಯ ಕೆಎ 39, ಲಾತೂರಿನ ಎಂಎಚ್ 24, ನಾಂದೇಡಿನ ಎಂಎಚ್ 26, 2014ರ ನಂತರದ ಟಿಎಸ್, 2024ರಿಂದ ಬಂದ ಟಿಜಿ. ಹೈದರಾಬಾದಿನ ಪೇಟೆ ದೊಡ್ಡದು, ಆಯ್ಕೆ ಹೆಚ್ಚು, ಬೆಲೆಯೂ ಕೆಲವೊಮ್ಮೆ ಕಡಿಮೆ. ಆದರೆ ಗಡಿ ದಾಟಿ ಬಂದ ಗಾಡಿಗೆ ಇನ್ನೊಂದು ಖರ್ಚಿದೆ. ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಹೊರರಾಜ್ಯದ ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿದರೆ ಇಲ್ಲಿಯ ನೋಂದಣಿ ಆಗಲೇಬೇಕು. ಹಾಗೆ ಆಗುವಾಗ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು, ಮತ್ತು ಅದು ದೇಶದ ಹೆಚ್ಚಿನ ದರಗಳಲ್ಲಿ ಒಂದು. ಅಲ್ಲಿ ಕಟ್ಟಿದ ತೆರಿಗೆಯ ಉಳಿಕೆಯನ್ನು ಅರ್ಜಿ ಹಾಕಿ, ಓಡಾಡಿ ಹಿಂದಕ್ಕೆ ಪಡೆಯಬೇಕು. ಇದನ್ನೆಲ್ಲ ಕೂಡಿಸಿದಾಗ ಕೆಎ 38ರ ತುಸು ತುಟ್ಟಿ ಗಾಡಿಯೇ ಅಗ್ಗವಾಗಬಹುದು.

ಇನ್ನೊಂದು ಎಚ್ಚರಿಕೆ ನೀರಿನದು. 2020ರ ಅಕ್ಟೋಬರ್‌ನಲ್ಲಿ ಹೈದರಾಬಾದಿನಲ್ಲಿ ಮಹಾಮಳೆ ಸುರಿದು ಬಡಾವಣೆಗಳು ಮುಳುಗಿದವು, ಕಾರುಗಳು ಕೊಚ್ಚಿಹೋದವು. ನೀರು ಕುಡಿದ ಕಾರು ತೊಳೆದು ಒರೆಸಿದ ಮೇಲೆ ಹೊಸದರಂತೆಯೇ ಕಾಣುತ್ತದೆ. ವೈರುಗಳ ಒಳಗೆ ಕಿಲುಬು ಹತ್ತುವುದು ತಿಂಗಳುಗಳ ನಂತರ. ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಗೆರೆ ಸಿಗಬಹುದು. ಹಾಸಿನ ಕೆಳಗೆ, ಸ್ಟೆಪ್ನಿಯ ಗುಂಡಿಯಲ್ಲಿ ಮಣ್ಣು ಉಳಿದಿರಬಹುದು. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. ಮೀಟರಿನಲ್ಲಿ ಹದಿನೆಂಟು ಸಾವಿರ ಕಿ.ಮೀ. ಇದ್ದು ನಾಲ್ಕೂ ಟೈರು ಕಾರಿಗಿಂತ ಹೊಸವಾಗಿದ್ದರೆ ಮೀಟರಿನ ಮಾತನ್ನು ನಂಬುವಂತಿಲ್ಲ. ಸರ್ವಿಸ್ ಮಾಡಿದ ದಾಖಲೆ ಕೇಳಬೇಕು. ಹಳದಿ ಬೋರ್ಡಿನ ಟ್ಯಾಕ್ಸಿಯಾಗಿದ್ದು ಬಿಳಿ ಬೋರ್ಡಿಗೆ ಬದಲಾದ ಗಾಡಿಯೇ ಎಂಬುದನ್ನೂ ವಿಚಾರಿಸಬೇಕು. ಪರಿಚಯದ ಮಿಸ್ತ್ರಿಯೊಬ್ಬನನ್ನು ಜೊತೆಗೆ ಕರೆದೊಯ್ದರೆ ಅವನಿಗೆ ಕೊಡುವ ಕೂಲಿ ವ್ಯರ್ಥವಾಗದು.

ಕಾಗದಪತ್ರಗಳ ವಿಷಯದಲ್ಲಿ ದಾಕ್ಷಿಣ್ಯ ಸಲ್ಲದು. ಸಾಲ ತೀರಿದ್ದಕ್ಕೆ ಫಾರಂ 35, ಹೆಸರು ಬದಲಾವಣೆಗೆ ಫಾರಂ 29 ಮತ್ತು 30, ಹೊರರಾಜ್ಯದ್ದಾದರೆ ಆಕ್ಷೇಪಣೆಯಿಲ್ಲವೆಂಬ ಫಾರಂ 28. ವಿಮೆಯನ್ನು ಹದಿನಾಲ್ಕು ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳದಿದ್ದರೆ ಸ್ವಂತ ಗಾಡಿಯ ಹಾನಿಗೆ ಪರಿಹಾರ ಸಿಗುವುದು ಕಷ್ಟ. “ಹೆಸರು ಆಮೇಲೆ ಮಾಡಿಸೋಣ” ಎಂಬ ಮಾತು ಮಾರಿದವನಿಗೂ ಅಪಾಯಕಾರಿ. ಹಲವು ಕೈ ದಾಟಿದರೂ ಹೆಸರು ಬದಲಾಗದ ಕಾರೊಂದರ ಅಪಘಾತ ಪ್ರಕರಣದಲ್ಲಿ, ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕನದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರುವರಿಯಲ್ಲಿ ತೀರ್ಪಿತ್ತಿದೆ. ಜುನ್ನರ್‌ನಲ್ಲಿ ನಿಕಿತಿನನ ಕುದುರೆ ಅವನದೆಂದು ಹೇಳಲು ಖುರಾಸಾನದ ಹಿರಿಯ ಬೇಕಾಯಿತು. ಇಂದು ಆ ಹಿರಿಯನ ಸ್ಥಾನದಲ್ಲಿ ನೋಂದಣಿ ಪುಸ್ತಕವಿದೆ.

ಕಡೆಯ ಪರೀಕ್ಷೆ ಹಾದಿಯದು. ಊರೊಳಗೆ ಎರಡು ಸುತ್ತು ಹೊಡೆದರೆ ಯಾವ ಕಾರೂ ತನ್ನ ಗುಣ ಬಿಟ್ಟುಕೊಡುವುದಿಲ್ಲ. ದಿನವೂ ಹೋಗಬೇಕಾದ ದಾರಿಯಲ್ಲೇ, ಎ.ಸಿ. ಹಾಕಿ, ನಾಲ್ಕು ಜನರನ್ನು ಕೂರಿಸಿಕೊಂಡು ಒಮ್ಮೆ ಔರಾದಿಗೆ ಹೋಗಿಬಂದರೆ ಬ್ರೇಕು, ಕ್ಲಚ್ಚು, ಎಂಜಿನ್ನಿನ ಕಾವು ಎಲ್ಲವೂ ತಿಳಿಯುತ್ತವೆ. ಇದಕ್ಕೆ ಒಪ್ಪದ ಮಾರಾಟಗಾರನ ಗಾಡಿಯನ್ನು ಅಲ್ಲಿಯೇ ಬಿಟ್ಟು ಬರುವುದು ಒಳ್ಳೆಯದು. ಈಗಿನ ಪೇಟೆಯಲ್ಲಿ ಕೊರತೆಯಿಲ್ಲ. ಅವಸರಪಡಬೇಕಾದ ಕಾಲ ಎಂದೋ ಮುಗಿದಿದೆ.

ನಿಕಿತಿನ್ ಊರಿಗೆ ಮರಳಲಿಲ್ಲ. ತ್ವೇರ್ ತಲುಪುವ ಮೊದಲೇ, ಸ್ಮೋಲೆನ್ಸ್ಕ್ ಸಮೀಪದಲ್ಲಿ ತೀರಿಕೊಂಡ. ಅವನ ಬರಹ ಉಳಿಯಿತು. 1957ರಲ್ಲಿ ಅವನ ಕಥೆಯನ್ನು ಭಾರತ ಮತ್ತು ಸೋವಿಯತ್ ಚಿತ್ರರಂಗಗಳು ಸೇರಿ ‘ಪರದೇಸಿ’ ಎಂಬ ಚಲನಚಿತ್ರವನ್ನಾಗಿ ಮಾಡಿದವು. ಅವನ ಬರಹದ ಭವ್ಯ ವರ್ಣನೆಗಳ ನಡುವೆ ಕುದುರೆಯ ಖರ್ಚಿನ ಸಾಲು ಇಂದಿಗೂ ಹಾಗೆಯೇ ಇದೆ. ಬೀದರ್‌ನಲ್ಲಿ ಕಾರು ಕೊಳ್ಳ ಹೊರಟವರೂ ಒಂದು ಹಾಳೆಯ ಮೇಲೆ ಕಾರಿನ ಬೆಲೆಯ ಕೆಳಗೆ ತೆರಿಗೆ, ವಿಮೆ, ಬಡ್ಡಿ, ಮೂರು ವರ್ಷದ ಪೆಟ್ರೋಲು ಎಂದು ಬರೆದು ಕೂಡಿಸಿ ನೋಡಬೇಕು. ಆ ಮೊತ್ತ ಮನೆಗೆ ಹೊರೆಯಾಗದಿದ್ದರೆ ಕಾರು ಬರಲಿ. ಆಗುವುದಾದರೆ ಔರಾದಿನ ಬಸ್ಸು ಹೇಗೂ ಇದ್ದೇ ಇದೆ.